ಕಾರು ಗುಜರಿಗೆ ಹೋಯ್ತು, ಹೆಸರು ಹೋಯ್ತಾ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ, ಮಾತಿನ ಧಾಟಿ ಹಾಗೇ ಇದೆ.

ಇವತ್ತಿನ ವಿಷಯ ಹಳೇ ಕಾರು. ರಿಪೇರಿ ಮಾಡಿಸಿದರೆ ಲಾಸು, ಇಟ್ಟುಕೊಂಡರೆ ಜಾಗ ದಂಡ ಅನ್ನೋ ಸ್ಥಿತಿಗೆ ಬಂದಿರುವ ಕಾರನ್ನು ಏನು ಮಾಡಬೇಕು ಅನ್ನೋದು. ಆದರೆ ಶುರು ಮಾಡೋದು ಕಾರಿನಿಂದಲ್ಲ, ನಮ್ಮ ದೊಡ್ಡಪ್ಪನ ಓಮ್ನಿಯಿಂದ.

ದೊಡ್ಡಪ್ಪ 2014ರಲ್ಲಿ ತಮ್ಮ ಓಮ್ನಿಯನ್ನು ಗುಜರಿಗೆ ಕೊಟ್ಟರು. 14 ಸಾವಿರ ರೂಪಾಯಿ, ಕೈಗೆ ಕ್ಯಾಶ್. ಆರ್‌ಸಿ ಕೊಟ್ಟರು, ಅವರು ಕೊಟ್ಟ ಖಾಲಿ ಫಾರಂಗೆ ಸಹಿ ಹಾಕಿದರು. "ನಾಳೇನೇ ಒಡೆದು ಹಾಕ್ತೀವಿ ಸಾರ್, ತಲೆ ಕೆಡಿಸ್ಕೋಬೇಡಿ" ಅಂತ ಮಾತು ಆಯ್ತು. ಮೂರು ವರ್ಷ ಆದ ಮೇಲೆ ಮನೆಗೆ ಕೋರ್ಟಿನ ನೋಟಿಸ್ ಬಂತು. ಆ ಓಮ್ನಿಯನ್ನು ಯಾರೂ ಒಡೆದಿರಲಿಲ್ಲ. ಯಾರೋ ಎಂಜಿನ್ ಸರಿಮಾಡಿಸಿ, ಪಕ್ಕದ ಜಿಲ್ಲೆಯಲ್ಲಿ ತರಕಾರಿ ಸಾಗಿಸೋಕೆ ಓಡಿಸ್ತಿದ್ದರು. ಅದು ಒಬ್ಬ ಬೈಕ್ ಸವಾರನಿಗೆ ಗುದ್ದಿ, ಆ ಹುಡುಗನ ಕಾಲು ಮುರಿದಿತ್ತು. ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ. ಡ್ರೈವರ್ ಬಡವ. ಆರ್‌ಟಿಒ ದಾಖಲೆಯಲ್ಲಿ ಮಾಲೀಕನ ಹೆಸರು ಮಾತ್ರ ಸ್ಪಷ್ಟವಾಗಿ ಇತ್ತು, ನಮ್ಮ ದೊಡ್ಡಪ್ಪನದು. ಎರಡು ವರ್ಷ ಓಡಾಡಿದರು. ಗುಜರಿಗೆ ಕೊಟ್ಟಿದ್ದಕ್ಕೆ ಒಂದು ಚೀಟಿ ಕೂಡ ಇರಲಿಲ್ಲ. ಪರಿಹಾರದ ಹಣವನ್ನು ಕೊನೆಗೆ ಅವರೇ ಕಟ್ಟಿದರು. ಎಷ್ಟು ಅಂತ ಇವತ್ತಿಗೂ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಹೇಳಲ್ಲ.

ಇದು ಅನ್ಯಾಯ ಅಲ್ವಾ, ಮಾರಿದ ಮೇಲೆ ಅವರದ್ದೇನು ತಪ್ಪು ಅಂತ ನಿಮಗೆ ಅನ್ನಿಸಬಹುದು. ಕಾನೂನು ಹಾಗೆ ನೋಡಲ್ಲ. ಮೋಟಾರು ವಾಹನ ಕಾಯ್ದೆ 1988ರಲ್ಲಿ 'ಮಾಲೀಕ' ಅಂದರೆ ಯಾರ ಹೆಸರಿನಲ್ಲಿ ವಾಹನ ನೋಂದಣಿ ಆಗಿದೆಯೋ ಅವರು. ದುಡ್ಡು ಯಾರು ಕೊಟ್ಟರು, ಕೀ ಯಾರ ಜೇಬಲ್ಲಿದೆ ಅನ್ನೋದು ಆಮೇಲಿನ ಮಾತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಕೇಸ್ ಬಂದಿತ್ತು. ಒಂದು ಕಾರು ಕೈಯಿಂದ ಕೈಗೆ ಹಲವು ಜನರಿಗೆ ಮಾರಾಟವಾಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿತ್ತು, 2009ರಲ್ಲಿ ಅಪಘಾತ ಆಯ್ತು. ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದ್ದೇ ಅಂತ ಕೋರ್ಟ್ ಹೇಳಿತು. ಗಾಯಗೊಂಡವನು ಒಬ್ಬರಾದ ಮೇಲೆ ಒಬ್ಬ ಮಾಲೀಕನನ್ನು ಹುಡುಕಿಕೊಂಡು ಹೋಗೋಕೆ ಆಗಲ್ಲ ಅನ್ನೋದು ಅದರ ಹಿಂದಿನ ತರ್ಕ. ಆ ಬೈಕ್ ಹುಡುಗನ ಕಡೆಯಿಂದ ಯೋಚಿಸಿದರೆ ಅದು ಸರಿನೇ.

ಹಾಗಾಗಿ ನಮ್ಮಪ್ಪನ ಸ್ಯಾಂಟ್ರೋ ಸರದಿ ಬಂದಾಗ, ಎಷ್ಟು ದುಡ್ಡು ಬರುತ್ತೆ ಅನ್ನೋದಕ್ಕಿಂತ ಅದರ ನಂಬರ್ ಹೇಗೆ ಸಾಯುತ್ತೆ ಅನ್ನೋದೇ ನನ್ನ ತಲೆಯಲ್ಲಿತ್ತು.

ಸ್ಯಾಂಟ್ರೋ 2006ರದ್ದು, ತುಮಕೂರು ನೋಂದಣಿ, ಪೆಟ್ರೋಲ್. ಕಳೆದ ವರ್ಷ ಬೆಂಗಳೂರಿನಿಂದ ವಾಪಸ್ ಹೋಗ್ತಾ ನೆಲಮಂಗಲ ದಾಟಿದ ಮೇಲೆ ಕಾದು ನಿಂತುಬಿಡ್ತು. ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದರು. ಹಾಗೇ ಕೆಳಗೆ ಬಗ್ಗಿ ನೋಡಿದರೆ ಸ್ಟೀರಿಂಗ್ ರ‍್ಯಾಕ್ ಆಡ್ತಿದೆ, ಎಸಿ ಕಂಪ್ರೆಸರ್ ಸತ್ತು ಎರಡು ವರ್ಷ, ಎರಡು ಟೈರ್ ಬೋಳು, ಡ್ರೈವರ್ ಕಾಲಿನ ಕೆಳಗೆ ತುಕ್ಕು. ಒಟ್ಟು ಅಂದಾಜು 52 ಸಾವಿರ. ಅಪ್ಪನ ಹಳೇ ಪರಿಚಯದ ಮೆಕ್ಯಾನಿಕ್ಕು ನೇರವಾಗಿ ಹೇಳಿದ: "ಯಜಮಾನ್ರೇ, ಇದಕ್ಕೆ ಹಾಕೋ ದುಡ್ಡಲ್ಲಿ ಇಂಥದ್ದೇ ಇನ್ನೊಂದು ಗಾಡಿ ಬರುತ್ತೆ."

ಇಲ್ಲಿ ಒಂದು ನಿಮಿಷ ನಿಲ್ಲಿ. 'ರಿಪೇರಿ ಖರ್ಚು ಗಾಡಿ ಬೆಲೆಗಿಂತ ಜಾಸ್ತಿ ಆದರೆ ಬಿಟ್ಟುಬಿಡಿ' ಅಂತ ಎಲ್ಲರೂ ಹೇಳ್ತಾರೆ. ಬಿ.ಕಾಂ. ಓದಿದವನಾಗಿ ನನಗೆ ಈ ಸೂತ್ರ ಅಷ್ಟು ಸರಿ ಅನ್ನಿಸಲ್ಲ. 52 ಸಾವಿರ ಹಾಕಿದರೆ ಗಾಡಿ ಇನ್ನೂ ಐದು ವರ್ಷ ದಿನಾ ಓಡುತ್ತೆ ಅನ್ನೋದಾದರೆ, ತಿಂಗಳಿಗೆ 900 ರೂಪಾಯಿ ಕೂಡ ಬೀಳಲ್ಲ. ಯಾವ ಹೊಸ ಕಾರಿನ ಇಎಂಐ ಅಷ್ಟು ಕಮ್ಮಿ ಇದೆ? ದಿನಾ ಅಂಗಡಿಗೆ, ತೋಟಕ್ಕೆ ಓಡಿಸುವವರಿಗೆ ರಿಪೇರಿನೇ ಲಾಭ ಆಗಬಹುದು. ಹಿಂದಿನ ಎರಡು ವರ್ಷದಲ್ಲಿ ಎಷ್ಟು ಸುರಿದಿದ್ದೀವಿ ಅನ್ನೋದನ್ನೂ ಲೆಕ್ಕಕ್ಕೆ ತರಬೇಡಿ, ಅದು ಹೋದ ದುಡ್ಡು. ಇಲ್ಲಿಂದ ಮುಂದಕ್ಕೆ ಒಂದು ಕಿಲೋಮೀಟರಿಗೆ ಎಷ್ಟು ಬೀಳುತ್ತೆ ಅಂತ ಕೇಳಿಕೊಳ್ಳಿ.

ನಮ್ಮ ಲೆಕ್ಕ ಹೀಗಿತ್ತು. ಅಪ್ಪ ಕಳೆದ ವರ್ಷ ಓಡಿಸಿದ್ದು ಬರೀ 1,200 ಕಿಲೋಮೀಟರ್. ಆರ್‌ಸಿ ಅವಧಿ 2026ಕ್ಕೆ ಮುಗಿಯುತ್ತೆ. ಖಾಸಗಿ ಕಾರಿಗೆ ಮೊದಲ ನೋಂದಣಿ 15 ವರ್ಷ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. 2021ರಲ್ಲಿ ನಾವು ನವೀಕರಿಸಿದಾಗ ಶುಲ್ಕ 600 ರೂಪಾಯಿ. 2022ರ ಏಪ್ರಿಲ್ 1ರಿಂದ ಅದು 5,000 ಆಯ್ತು. 2025ರ ಆಗಸ್ಟ್‌ನಲ್ಲಿ ಇನ್ನೊಂದು ಅಧಿಸೂಚನೆ ಬಂತು, 20 ವರ್ಷ ದಾಟಿದ ಕಾರಿಗೆ 10,000. ಅಂದರೆ ನಮ್ಮದೇ ಗಾಡಿಗೆ ಐದು ವರ್ಷದಲ್ಲಿ 600ರಿಂದ 10,000ಕ್ಕೆ ಜಿಗಿತ. ಹಸಿರು ತೆರಿಗೆ ಬೇರೆ. ರಿಪೇರಿ 52 ಸಾವಿರ, ನವೀಕರಣ 10 ಸಾವಿರ, ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 12,400. ಅದಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸೇರಿಸಿ, 1,000ದಿಂದ 1,500 ಸಿಸಿ ಒಳಗಿನ ಕಾರಿಗೆ 3,416 ರೂಪಾಯಿ, ಜಿಎಸ್‌ಟಿ ಬಿಟ್ಟು. ಕಿಲೋಮೀಟರಿಗೆ 13 ರೂಪಾಯಿ ಮೇಲಾಯ್ತು, ಇನ್ನೂ ಪೆಟ್ರೋಲ್ ಹಾಕಿಲ್ಲ. ಅಪ್ಪನಿಗೆ ಈ ಲೆಕ್ಕ ಕಾಗದದ ಮೇಲೆ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಆಟೋದಲ್ಲೇ ಓಡಾಡಬಹುದಲ್ಲೋ" ಅಂದರು. ಆಮೇಲೆ ಎರಡು ದಿನ ಮಾತಾಡಲಿಲ್ಲ, ಅದು ಬೇರೆ ಕಥೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ, ತುಂಬಾ ಜನ ಕೇಳ್ತಾರೆ. '15 ವರ್ಷ ಆದರೆ ಸರ್ಕಾರ ಕಾರು ಕಿತ್ಕೊಳ್ಳುತ್ತಂತೆ?' ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಹಾಗಿಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಅನ್ನೋ ಗೊಂದಲ ಎಲ್ಲ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ನಮ್ಮಲ್ಲಿ ತಪಾಸಣೆ ಪಾಸ್ ಆಗಿ, ಶುಲ್ಕ ಕಟ್ಟಿದರೆ ಓಡಿಸಬಹುದು. 15 ವರ್ಷ ಆದ ಮೇಲೆ ನವೀಕರಣವೇ ಇಲ್ಲ ಅನ್ನೋದು ಸರ್ಕಾರಿ ವಾಹನಗಳಿಗೆ, 2023ರ ಏಪ್ರಿಲ್‌ನಿಂದ. ಆದರೆ ಆರ್‌ಸಿ ಅವಧಿ ಮುಗಿದ ಮೇಲೆ ಶೆಡ್‌ನಲ್ಲಿ ಸುಮ್ಮನೆ ನಿಲ್ಲಿಸಿದ್ದೀನಿ ಅಂದುಕೊಂಡರೆ ಅದಕ್ಕೂ ಮೀಟರ್ ಓಡ್ತಾ ಇರುತ್ತೆ. ನವೀಕರಣ ತಡವಾದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಎರಡು ವರ್ಷ ಬಿಟ್ಟರೆ 12 ಸಾವಿರ.

ಸರಿ, ಕೊಡೋದು ಅಂತ ತೀರ್ಮಾನ ಆಯ್ತು. ಯಾರಿಗೆ?

ನಮಗೆ ಮೂರು ರೇಟು ಬಂತು. ಸೆಕೆಂಡ್ ಹ್ಯಾಂಡ್ ಗಾಡಿ ಮಾಡುವ ಒಬ್ಬ ಬ್ರೋಕರ್ 35 ಸಾವಿರ ಹೇಳಿದ. "2025ರ ಸೆಪ್ಟೆಂಬರಲ್ಲಿ ಸಣ್ಣ ಕಾರಿಗೆ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲೆ ಹಳೇದನ್ನ ಯಾರು ಸಾರ್ ಕೇಳ್ತಾರೆ" ಅಂತ ರಾಗ ಎಳೆದೇ ಹೇಳಿದ. ಹತ್ತಿರದ ಗುಜರಿ ಅಂಗಡಿಯವರು 27 ಸಾವಿರ ಅಂದರು. ಸರ್ಕಾರದ ನೋಂದಣಿ ಇರುವ ವಾಹನ ಗುಜರಿ ಕೇಂದ್ರದವರು 21,500, ಅದರಲ್ಲಿ ಗಾಡಿ ಎತ್ತಿಕೊಂಡು ಹೋಗೋ ಖರ್ಚು ಸೇರಿತ್ತು.

ಮೇಲ್ನೋಟಕ್ಕೆ ಬ್ರೋಕರ್‌ಗೆ ಕೊಡೋದೇ ಜಾಣತನ. ಕೊಡಬಹುದು ಕೂಡ, ಹೆಸರು ಬದಲಾಯಿಸಿಕೊಳ್ತಾನೆ ಅಂತಾದರೆ. ಫಾರಂ 29 ಮತ್ತು 30 ಭರ್ತಿ ಮಾಡಿ, ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಾದದ್ದು ಮಾರಿದವರ ಕೆಲಸ. ಬ್ರೋಕರ್‌ಗೆ ಮಾತ್ರ ತನ್ನ ಹೆಸರಿಗೆ ಮಾಡಿಸಿಕೊಳ್ಳೋಕೆ ಇಷ್ಟ ಇರಲ್ಲ. ಮುಂದಿನ ಗಿರಾಕಿ ಸಿಗೋವರೆಗೆ ಫಾರಂ ಖಾಲಿ ಇರಲಿ ಅಂತಾನೆ. ನಾನು, "ಖರೀದಿದಾರನ ಹೆಸರು ತುಂಬಿ, ಆಧಾರ್ ಕೊಟ್ಟು, ನನ್ನ ಮುಂದೆ ಅರ್ಜಿ ಹಾಕಿ" ಅಂದೆ. ಮಾರನೇ ದಿನದಿಂದ ಅವನು ಫೋನ್ ಎತ್ತಲಿಲ್ಲ. ಆ 35 ಸಾವಿರದಲ್ಲಿ ಎಂಟು ಹತ್ತು ಸಾವಿರ ಗಾಡಿಯ ಬೆಲೆ ಅಲ್ಲ, ನಮ್ಮ ಖಾಲಿ ಸಹಿಯ ಬೆಲೆ ಅಂತ ನನಗೆ ಅನ್ನಿಸಿದ್ದು ಆಗಲೇ.

ಗುಜರಿ ಅಂಗಡಿಯವರ ಬಗ್ಗೆ ಕೆಟ್ಟದಾಗಿ ಮಾತಾಡೋಕೆ ನನಗೆ ಇಷ್ಟ ಇಲ್ಲ. ಬೆಂಗಳೂರಿನ ಶಿವಾಜಿನಗರದ ಕಡೆ ತಲೆಮಾರುಗಳಿಂದ ಈ ಕೆಲಸ ಮಾಡಿಕೊಂಡು ಬಂದವರಿದ್ದಾರೆ. ಕಂಪನಿ ಬಿಡಿಭಾಗ ನಿಲ್ಲಿಸಿದ ಗಾಡಿಗೆ ಬಾಗಿಲ ಹಿಡಿ, ಹೆಡ್‌ಲೈಟ್ ಸಿಗೋದೇ ಅಲ್ಲಿ. ನಮ್ಮ ಸ್ಯಾಂಟ್ರೋ ಇಷ್ಟು ವರ್ಷ ಓಡಿದ್ದೂ ಅಂಥ ಅಂಗಡಿಗಳ ಪುಣ್ಯದಿಂದಲೇ. ತೊಂದರೆ ಏನಂದರೆ ಅಲ್ಲಿ ಗಾಡಿ ಒಡೆಯುತ್ತೆ, ದಾಖಲೆ ಒಡೆಯಲ್ಲ. ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಸಲಾಗದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ ಕಾಯ್ದೆಯ 55ನೇ ಕಲಂ ಹೇಳುತ್ತೆ. ಅದನ್ನು ಮಾಡಬೇಕಾದವರು ನೀವು, ಅಂಗಡಿಯವರಲ್ಲ. ದೊಡ್ಡಪ್ಪ ಮಾಡದೇ ಬಿಟ್ಟಿದ್ದೂ ಅದನ್ನೇ. ಜೊತೆಗೆ, 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪರಿಸರ ನಿಯಮಗಳ ಪ್ರಕಾರ ಆಯಸ್ಸು ಮುಗಿದ ವಾಹನವನ್ನು 180 ದಿನದೊಳಗೆ ನೋಂದಾಯಿತ ಕೇಂದ್ರಕ್ಕೆ ಅಥವಾ ಅದಕ್ಕೆ ಅಂತ ಗೊತ್ತು ಮಾಡಿದ ಸಂಗ್ರಹ ಜಾಗಕ್ಕೆ ಒಪ್ಪಿಸಬೇಕು.

ಯಾಕೆ ಈ ನಿಯಮ ಅಂದರೆ, ಕಾರು ಬರೀ ಕಬ್ಬಿಣ ಅಲ್ಲ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ಕೂಲೆಂಟ್, ಬ್ಯಾಟರಿಯಲ್ಲಿ ಸೀಸ ಮತ್ತು ಆಸಿಡ್, ಎಸಿಯಲ್ಲಿ ಗ್ಯಾಸ್. ಆ ಕಾಲದ ಕಾರುಗಳ ಎಸಿ ಗ್ಯಾಸ್, ಆರ್134ಎ, ಭೂಮಿ ಬಿಸಿ ಮಾಡೋ ವಿಷಯದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಮೀರಿದ್ದು. ರಸ್ತೆ ಬದಿಯಲ್ಲಿ ಪೈಪ್ ಕತ್ತರಿಸಿದರೆ 'ಸುಸ್ಸ್' ಅಂತ ಗಾಳಿಗೆ, ಆಯಿಲ್ ಚರಂಡಿಗೆ. ನೋಂದಾಯಿತ ಕೇಂದ್ರದಲ್ಲಿ ಮೊದಲು ಇದನ್ನೆಲ್ಲ ಹೊರತೆಗೆದು, ಆಮೇಲೆ ಬಾಡಿ ಅಮುಕಬೇಕು. ಸೈಲೆನ್ಸರ್ ದಾರಿಯಲ್ಲಿ ಕೆಟಲಿಟಿಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇರುತ್ತೆ, ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ರೇಟು ಹೇಳೋವಾಗ ಅದು ಇದೆಯಾ ಅಂತ ಕೇಳ್ತಾರೆ. ರಿಪೇರಿಗೆ ಬಿಟ್ಟಾಗ ಯಾವಾಗಲೋ ಮಾಯವಾಗಿದ್ದರೆ ರೇಟು ಅಲ್ಲೇ ಬೀಳುತ್ತೆ.

ಈ ಕೇಂದ್ರಗಳು ಬಂದದ್ದು 2021ರ ಗುಜರಿ ನೀತಿಯಿಂದ, ಆ ವರ್ಷದ ಸೆಪ್ಟೆಂಬರ್‌ನಲ್ಲಿ ನಿಯಮ ಪ್ರಕಟವಾಯ್ತು. ನಿಮ್ಮ ಹತ್ತಿರದ ಕೇಂದ್ರ ಯಾವುದು ಅಂತ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ತಾಣದ ವಿ-ಸ್ಕ್ರ್ಯಾಪ್ ವಿಭಾಗದಲ್ಲಿ ನೋಡಿ, ಅರ್ಜಿಯೂ ಅಲ್ಲೇ. ಗೂಗಲ್‌ನಲ್ಲಿ ಹುಡುಕಿದರೆ 'ಗವರ್ನಮೆಂಟ್ ಅಪ್ರೂವ್ಡ್' ಅಂತ ಬೋರ್ಡ್ ಹಾಕಿಕೊಂಡ ಏಜೆಂಟರೇ ಮೊದಲು ಸಿಗ್ತಾರೆ, ಹುಷಾರು. ಗಾಡಿ ಎಲ್ಲಿಯ ನೋಂದಣಿ ಆದರೂ ತೊಂದರೆ ಇಲ್ಲ, ತುಮಕೂರಿನ ಗಾಡಿಯನ್ನು ಬೆಂಗಳೂರು ಕಡೆಯ ಕೇಂದ್ರಕ್ಕೆ ಕೊಡಬಹುದು.

ಅವರು ಮೊದಲು ನೋಡೋದು ಕಾರನ್ನಲ್ಲ, ದಾಖಲೆಯನ್ನ. ಕಳುವಾದ ಗಾಡಿಯಾ, ಯಾವುದಾದರೂ ಕೇಸ್ ಇದೆಯಾ, ಸಾಲ ಬಾಕಿ ಇದೆಯಾ. ನಾವು ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಅಪ್ಪ ಕಾರು ಸಾಲ ತೀರಿಸಿದ್ದು 2011ರಲ್ಲಿ. ಸಾಲ ತೀರಿತು, ಸಿಹಿ ಹಂಚಿದರು, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತೆಗೆಸಲಿಲ್ಲ. 14 ವರ್ಷ ಆದ ಮೇಲೂ ದಾಖಲೆ ಪ್ರಕಾರ ಆ ಕಾರು ಬ್ಯಾಂಕಿಗೆ ಅಡ. ಆ ಬ್ಯಾಂಕೋ ಈಗ ಇನ್ನೊಂದು ಬ್ಯಾಂಕಿನೊಳಗೆ ವಿಲೀನ ಆಗಿಬಿಟ್ಟಿದೆ. ಹಳೇ ಸಾಲದ ನಂಬರ್ ಹಿಡಿದುಕೊಂಡು ಶಾಖೆಯಿಂದ ಶಾಖೆಗೆ ಅಲೆದು, ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ತರೋಕೆ ಮೂರು ವಾರ ಹಿಡೀತು. ಇದನ್ನು ಕೇಳ್ತಿರುವವರಲ್ಲಿ ಸಾಲ ತೀರಿಸಿದವರು ಯಾರಾದರೂ ಇದ್ದರೆ, ಕಾರು ಮಾರುವ ಯೋಚನೆ ಇಲ್ಲದಿದ್ದರೂ ಇವತ್ತೇ ಒಮ್ಮೆ ಆರ್‌ಸಿ ತೆಗೆದು ನೋಡಿ.

ಸಿಗ್ನಲ್ ಜಂಪ್‌ದು ಎರಡು ದಂಡ ಬಾಕಿ ಇತ್ತು, ಬೆಂಗಳೂರಲ್ಲಿ ನಾನೇ ಮಾಡಿದ ಘನಕಾರ್ಯ. 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಶೇ 50 ರಿಯಾಯಿತಿ ಕೊಟ್ಟಾಗ ಕಟ್ಟದೇ ಕೂತಿದ್ದೆ. ಪೂರ್ತಿ ಕಟ್ಟಿದೆ. ಇನ್ನು ಆರ್‌ಸಿ ತೀರಿಹೋದ ತಂದೆಯ ಹೆಸರಲ್ಲೋ ಗಂಡನ ಹೆಸರಲ್ಲೋ ಇದ್ದರೆ, ಮೊದಲು ಫಾರಂ 31 ಹಾಕಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದಕ್ಕೆ ನಿಯಮದಲ್ಲಿರುವ ಅವಧಿ ಮೂರು ತಿಂಗಳು. ದುಃಖದ ಮನೆಯಲ್ಲಿ ಕಾರಿನ ಕಾಗದ ಯಾರಿಗೂ ನೆನಪಾಗಲ್ಲ, ಗೊತ್ತು. ಯಾರಾದರೂ ಒಬ್ಬರು ನೆನಪಿಸಬೇಕು.

ಗಾಡಿ ಒಪ್ಪಿಸಿದಾಗ ಕೈಗೆ ಬರಬೇಕಾದದ್ದು ಸರ್ಟಿಫಿಕೇಟ್ ಆಫ್ ಡೆಪಾಸಿಟ್. ಆಮೇಲೆ ಗಾಡಿ ಒಡೆದ ಮೇಲೆ ಸರ್ಟಿಫಿಕೇಟ್ ಆಫ್ ವೆಹಿಕಲ್ ಸ್ಕ್ರ್ಯಾಪಿಂಗ್ ಅಂತ ಇನ್ನೊಂದು. ಮೊದಲನೆಯದು ಸಿಕ್ಕಿತು ಅಂತ ಸುಮ್ಮನಾಗಬೇಡಿ, ಎರಡನೆಯದನ್ನೂ ಕೇಳಿ. ಗಾಡಿ ಸತ್ತಿದೆ ಅಂತ ಹೇಳೋದು ಅದೇ. ಮೊದಲನೆಯದರಿಂದ ಬೇರೆ ಉಪಯೋಗ ಇದೆ. ಅದನ್ನು ತೋರಿಸಿ ಹೊಸ ಗಾಡಿ ತಗೊಂಡರೆ ನೋಂದಣಿ ಶುಲ್ಕ ಇಲ್ಲ. ರಸ್ತೆ ತೆರಿಗೆಯಲ್ಲಿ ಖಾಸಗಿ ವಾಹನಕ್ಕೆ ಶೇ 25ರವರೆಗೆ ರಿಯಾಯಿತಿ ಕೊಡಬಹುದು ಅಂತ ಕೇಂದ್ರದ ನಿಯಮ. 'ರವರೆಗೆ' ಅನ್ನೋ ಪದ ಗಮನಿಸಿ. ತೆರಿಗೆ ರಾಜ್ಯದ್ದು, ಎಷ್ಟು ಬಿಡಬೇಕು ಅನ್ನೋದು ರಾಜ್ಯದ ಆದೇಶ. ಶೋರೂಂ ಹುಡುಗ 'ಸಿಗುತ್ತೆ ಸಾರ್' ಅಂದದ್ದನ್ನು ನಂಬಿ ಬುಕ್ ಮಾಡಬೇಡಿ. ಆರ್‌ಟಿಒದಲ್ಲಿ ಕೇಳಿ, ಕೊಟೇಶನ್‌ನಲ್ಲಿ ಅಂಕಿ ಬರೆಸಿಕೊಳ್ಳಿ. ನಿಮಗೆ ಹೊಸ ಕಾರು ಬೇಡವಾದರೆ ಆ ಸರ್ಟಿಫಿಕೇಟನ್ನು ಆನ್‌ಲೈನ್‌ನಲ್ಲಿ ಬೇರೆಯವರಿಗೆ ಮಾರೋಕೂ ಅವಕಾಶ ಇದೆ.

ಇನ್ಶೂರೆನ್ಸ್ ವಿಷಯ ಬೇಗ ಹೇಳ್ತೀನಿ. ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಶೇ 50ರವರೆಗೆ ಇರಬಹುದು. ಕಂಪನಿಯಿಂದ ಪತ್ರ ತಗೊಂಡು ಇಟ್ಟುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಫಾಸ್ಟ್ಯಾಗ್ ಬರೀ ಗಾಜಿನಿಂದ ಕಿತ್ತರೆ ಸಾಲದು, ಖಾತೆ ಮುಚ್ಚಿಸಿ, ಡೆಪಾಸಿಟ್ ವಾಪಸ್ ಬರುತ್ತೆ.

ಅಪಘಾತದಲ್ಲೋ ಮಳೆ ನೀರಲ್ಲೋ ಹಾಳಾದ ಕಾರಿನದ್ದು ಸ್ವಲ್ಪ ಬೇರೆ. ರಿಪೇರಿ ಖರ್ಚು ವಿಮಾ ಮೌಲ್ಯದ ಶೇ 75 ದಾಟಿದರೆ 'ಟೋಟಲ್ ಲಾಸ್' ಅಂತ ಪರಿಗಣಿಸ್ತಾರೆ. ಆಗ ಮುರಿದ ಗಾಡಿಯನ್ನು ಯಾರೋ ಹರಾಜಿನಲ್ಲಿ ತಗೊಂಡು ಹೋಗ್ತಾರೆ. ಕ್ಲೇಮ್ ಹಣ ಬಂದ ಖುಷಿಯಲ್ಲಿ ಇರ್ತೀವಿ, ಆರ್‌ಸಿ ನಮ್ಮ ಹೆಸರಲ್ಲೇ ಹೋಗಿರುತ್ತೆ. ಮತ್ತೆ ಅದೇ ಓಮ್ನಿ ಕಥೆ. ರದ್ದು ಮಾಡಿಸ್ತೀರಾ, ವರ್ಗಾಯಿಸ್ತೀರಾ, ಕ್ಲೇಮ್‌ಗೆ ಸಹಿ ಹಾಕೋ ಮುಂಚೆ ಕೇಳಿ.

ನಮ್ಮ ಸ್ಯಾಂಟ್ರೋ ಹೋದ ದಿನ ಅಮ್ಮ ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯನ್ನು ತೆಗೆದುಕೊಂಡರು. ಅಪ್ಪ ಡಿಕ್ಕಿಯಲ್ಲಿದ್ದ ಜಾಕ್ ತೆಗೆದಿಟ್ಟುಕೊಂಡರು, ಯಾಕೆ ಅಂತ ಅವರಿಗೂ ಗೊತ್ತಿಲ್ಲ. ಲಾರಿಗೆ ಏರಿಸಿದ ಹುಡುಗ ನಾಲ್ಕೂ ಕಡೆಯಿಂದ ಫೋಟೋ ತೆಗೆದ, ಚಾಸಿ ನಂಬರ್ ಉಜ್ಜಿ ಓದಿಕೊಂಡ. ದುಡ್ಡು ಅಪ್ಪನ ಖಾತೆಗೇ ಬಂತು, ಕ್ಯಾಶ್ ಅಲ್ಲ. ಸುಮಾರು ಒಂದು ತಿಂಗಳಾದ ಮೇಲೆ ಪರಿವಾಹನ್‌ನಲ್ಲಿ ನಂಬರ್ ಹಾಕಿ ನೋಡಿದೆ, ನೋಂದಣಿ ರದ್ದಾಗಿದೆ ಅಂತ ತೋರಿಸ್ತು. ಸ್ಕ್ರೀನ್‌ಶಾಟ್ ತೆಗೆದು ಮನೆಯ ಗ್ರೂಪ್‌ಗೆ ಹಾಕಿದೆ. ಮೊದಲು ಉತ್ತರ ಬಂದದ್ದು ದೊಡ್ಡಪ್ಪನಿಂದ. "ಪ್ರಿಂಟ್ ತೆಗೆಸಿ ಲ್ಯಾಮಿನೇಶನ್ ಮಾಡಿಸು" ಅಂತ ಬರೆದಿದ್ದರು. ಮಾಡಿಸಿದ್ದೀನಿ.